ಟಿಂಗ್‌ಗೂ ಟಾಂಗ್‌ಗೂ ನಡುವೆ

ಬೆಳಗಿನ ಆರೂವರೆ. ಹಾಲಿನ ಪ್ಯಾಕೆಟ್ಟು ಗ್ರಿಲ್ಲಿಗೆ ನೇತುಹಾಕಿದ ಚೀಲದಲ್ಲಿ ಬಿದ್ದಾಗಿದೆ. ಪೇಪರು ಸಿಟ್‌ಔಟಿನ ನೆಲದ ಮೇಲೆ ಮಗುಚಿಕೊಂಡಿದೆ. ಇವೆರಡೂ ಕರೆಯದೆ ಬಂದು ಹೇಳದೆ ಹೋಗುವ ಪೈಕಿ. ಕಾಲಿಂಗ್ ಬೆಲ್ಲಿನ ಹಂಗಿಲ್ಲ. ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಕೂತರೆ ಎಂಟು ಗಂಟೆಯವರೆಗೆ ಮೈಸೂರಿನ ಈ ಅಡ್ಡರಸ್ತೆಯಲ್ಲಿ ಸದ್ದಿರುವುದಿಲ್ಲ. ಆ ನಿಶ್ಶಬ್ದವನ್ನು ನಾನೇ ದುಡಿದು ಸಂಪಾದಿಸಿದೆನೇನೋ ಎಂಬಂತೆ ಅನುಭವಿಸುತ್ತಿದ್ದೆ. ಹೋದ ಶ್ರಾವಣದಲ್ಲಿ ಅದು ಎಂಟು ಗಂಟೆಯ ಆಚೆಗೂ ಬೆಳೆಯಿತು. ದಿನವೆಲ್ಲ ಮನೆಗೆ ಯಾರೂ ಬರುತ್ತಿರಲಿಲ್ಲ. ನಿವೃತ್ತಿ ಎಂದರೆ ಹೀಗೇ ಇರಬೇಕು, ಜನ ಒಬ್ಬೊಬ್ಬರಾಗಿ ಮರೆಯುತ್ತಾರೆ ಎಂದುಕೊಂಡು, ಆ ವೈರಾಗ್ಯದಲ್ಲೂ ಸ್ವಲ್ಪ ಸುಖಪಟ್ಟೆ.

ಆಗ ಮೊಬೈಲಿಗೊಂದು ಸಂದೇಶ ಬಂತು. ಮನೆಯಲ್ಲಿ ಯಾರೂ ಇರಲಿಲ್ಲ, ಪಾರ್ಸೆಲ್ ವಾಪಸಾಗಿದೆ. ಬಾಗಿಲಿನಿಂದ ಎಂಟು ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತೇ ನಾನದನ್ನು ಓದಿದೆ. ಸಿಟ್ಟು ಬಾರದೆ ಇರುತ್ತದೆಯೇ? ಹುಡುಗನಿಗೆ ಫೋನು ಮಾಡಿದೆ.

"ಏನಪ್ಪಾ, ಬೆಳಗಿಂದ ಮನೇಲೇ ಇದ್ದೀನಿ, ಯಾರೂ ಇಲ್ಲ ಅಂತ ಬರೆದಿದ್ದೀಯಲ್ಲ?"

"ಎರಡು ಸಲ ಬೆಲ್ ಒತ್ತಿದೆ ಸಾರ್. ಯಾರೂ ಬರ್ಲಿಲ್ಲ."

"ಒತ್ತಿದ್ರೆ ನನಗೆ ಕೇಳಿಸ್ತಿರಲಿಲ್ವಾ?"

ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ನಿಮ್ಮ ಬೆಲ್ ನೀವೇ ಒಂದ್ಸಲ ಒತ್ತಿ ನೋಡಿ ಸಾರ್."

ಹೊರಗೆ ಹೋಗಿ ಒತ್ತಿದೆ. ಸದ್ದಿಲ್ಲ. ಗಟ್ಟಿಯಾಗಿ ಒತ್ತಿದೆ. ಸದ್ದಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು ನಿಂತಾಗ ಹೊಳೆಯಿತು, ಈ ಗುಂಡಿಯನ್ನು ನಾನು ಹಿಂದೆ ಮುಟ್ಟಿದ್ದು ಬಹುಶಃ ಗೃಹಪ್ರವೇಶದ ವಾರದಲ್ಲಿ. ಬೀಗದ ಕೈ ಇರುವವನು ಬೆಲ್ ಒತ್ತುವುದಿಲ್ಲ. ದೀಪ ಹೋದರೆ ಮನೆಯವನಿಗೆ ಕತ್ತಲೆಯಾಗುತ್ತದೆ, ನಲ್ಲಿ ನಿಂತರೆ ಮನೆಯವನ ಬಕೆಟ್ಟು ಬರಿದಾಗುತ್ತದೆ. ಕಾಲಿಂಗ್ ಬೆಲ್ ಮಾತ್ರ ಮನೆಯವನ ದುಡ್ಡಿನಲ್ಲಿ ತಂದು ಮನೆಯವನ ಗೋಡೆಗೆ ಹಾಕಿದ್ದಾದರೂ, ಕೆಟ್ಟಿತೆಂದು ಗೊತ್ತಾಗುವುದಾದರೆ ಅದು ಹೊರಗೆ ನಿಂತವನಿಗೆ. ಅವನೋ, ಗೊತ್ತಾದದ್ದನ್ನು ನಮಗೆ ಹೇಳಲಾರದೆ ಹೊರಟುಹೋಗಿರುತ್ತಾನೆ.

1605ರಲ್ಲಿ ಪಟ್ಟಕ್ಕೆ ಬಂದ ಜಹಾಂಗೀರ ಆಗ್ರಾ ಕೋಟೆಯಿಂದ ಯಮುನೆಯ ದಂಡೆಯವರೆಗೆ 60 ಗಂಟೆಗಳ ಚಿನ್ನದ ಸರಪಳಿ ಹಾಕಿಸಿದ. ಅನ್ಯಾಯವಾದವರು ಯಾರು ಬೇಕಾದರೂ ಬಂದು ಎಳೆಯಬಹುದು. ಸಿಂಹಾಸನವೇರಿದ ಮೇಲೆ ತನ್ನ ಮೊದಲ ಅಪ್ಪಣೆ ಇದೇ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈಗ ಬೇರೆಯೇ ಕುತೂಹಲ: ನದಿಯ ದಂಡೆಗೆ ಇಳಿದುಹೋಗಿ, ಅಲ್ಲಿಂದ ತಾನೇ ಒಮ್ಮೆ ಎಳೆದು ನೋಡಿದನೇ?

ಯಾವಾಗಿನಿಂದ ಕೆಟ್ಟಿದೆ ಎಂದು ಲೆಕ್ಕ ಹಾಕಿದೆ. ಸಿಲಿಂಡರಿನವನು ಬೀದಿಯಿಂದಲೇ ಕೂಗುತ್ತಾನೆ, ಸಾಕ್ಷಿಗೆ ಅವನು ಉಪಯೋಗವಿಲ್ಲ. ಗಣೇಶನ ಚಂದಾಕ್ಕೆ ಹುಡುಗರು ಬಂದಿರಲಿಲ್ಲ. ಈ ಬೀದಿಯ ಹುಡುಗರೆಲ್ಲ ಬೆಂಗಳೂರು ಸೇರಿಬಿಟ್ಟರು ಎಂದು ನಾನೇ ನಾಲ್ಕು ಜನರ ಮುಂದೆ ಹೇಳಿದ್ದೆ. ಕಡಿಮೆಯೆಂದರೂ ಮೂರು ವಾರ. ಈ ಮೂರು ವಾರದಲ್ಲಿ ಬಾರದವರ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವಂತೆ ಇಟ್ಟುಕೊಂಡಿದ್ದೆನಲ್ಲ, ಅದರ ಮೊದಲ ಹೆಸರು ನೆನಪಾಗಿ ಎದೆ ಸ್ವಲ್ಪ ಕುಸಿಯಿತು.

ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಮೂವತ್ತೊಂದು ವರ್ಷ ಕೂತವನು. ಅವನ ಮಗಳ ಮದುವೆ ಗೊತ್ತಾಗಿದೆಯೆಂದು ಮೂರನೆಯವರಿಂದ ಕೇಳಿದೆ. ಹಳೆಯ ಸಹೋದ್ಯೋಗಿಗಳಿಗೆಲ್ಲ ಲಗ್ನಪತ್ರಿಕೆ ಮುಟ್ಟಿತ್ತು, ನನ್ನೊಬ್ಬನನ್ನು ಬಿಟ್ಟು. "ಮರೆತಿರಬಹುದು ಬಿಡಿ" ಎಂದಳು ಇವಳು. ಮರೆಯುವ ಮನುಷ್ಯನಲ್ಲ ಅವನು. ಪಾರ್ಕಿನಲ್ಲಿ ಒಂದು ಬೆಳಗ್ಗೆ ಎದುರಾದ. ನನ್ನನ್ನು ಕಂಡು ಮುಖ ತಿರುಗಿಸಿಕೊಂಡು ಆಚೆಯ ದಾರಿ ಹಿಡಿದ. ಅಂದಿನಿಂದ ಅವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿ, ತಿದ್ದಿ, ಹರಿತ ಮಾಡಿ ಇಟ್ಟಿದ್ದೆ.

ಅವನಿಗೆ ತಕ್ಷಣ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮೊದಲು ಬೆಲ್ಲು ಎಂದುಕೊಂಡೆ. ಕೈಗೊಂದು ಕೆಲಸ ಬೇಕಾಗಿತ್ತು.

ನಾನು ಎಲೆಕ್ಟ್ರಿಷಿಯನ್ ಅಲ್ಲ. ಅಮೆರಿಕದ ಮನೆಗಳಲ್ಲಿ ಕಾಲಿಂಗ್ ಬೆಲ್ಲಿಗೆ ಪುಟ್ಟದೊಂದು ಟ್ರಾನ್ಸ್‌ಫಾರ್ಮರ್ ಇಟ್ಟು ವಿದ್ಯುತ್ತನ್ನು 16 ವೋಲ್ಟಿನ ಆಸುಪಾಸಿಗೆ ಇಳಿಸಿರುತ್ತಾರೆ; ತಪ್ಪಿ ಕೈ ತಗುಲಿದರೂ ಪ್ರಾಣಕ್ಕೆ ಸಂಚಕಾರವಿಲ್ಲ. ನಮ್ಮ ಮನೆಗಳ ಟಿಂಗ್‌ಟಾಂಗ್ ಬೆಲ್ಲಿಗೆ ನೇರವಾಗಿ 230 ವೋಲ್ಟು. ಮಳೆಯಲ್ಲಿ ನೆಂದು ಬಂದ ನೆಂಟ ಒದ್ದೆ ಬೆರಳಿಟ್ಟು ಒತ್ತುವ ಗುಂಡಿಯ ಹಿಂದೆ ಇರುವುದೂ ಅದೇ. ಆದ್ದರಿಂದ ಎಂಸಿಬಿ ಇಳಿಸದೆ ಸ್ಕ್ರೂಡ್ರೈವರ್ ಮುಟ್ಟುವ ಹಾಗಿಲ್ಲ. ಇವಳನ್ನು ಎಂಸಿಬಿ ಡಬ್ಬಿಯ ಹತ್ತಿರ ನಿಲ್ಲಿಸಿ "ಇಳಿಸಿದ್ದೀಯಾ?" ಎಂದು ಕೇಳಿದೆ. "ಇಳಿಸಿದ್ದೀನಿ." ಮತ್ತೊಮ್ಮೆ ಕೇಳಿದೆ. ಮೂರನೆಯ ಸಲ ಕೇಳಿದಾಗ, "ಇಷ್ಟು ವರ್ಷ ಸಂಸಾರ ಮಾಡಿ ಇನ್ನೂ ನಂಬಿಕೆ ಇಲ್ವಲ್ಲ ನಿಮಗೆ" ಎಂದಳು. ಇಂಥ ಕೆಲಸದಲ್ಲಿ ನಂಬಿಕೆ ದೊಡ್ಡ ಗುಣವಲ್ಲ ಎಂದು ಅವಳಿಗೆ ವಿವರಿಸುವ ಧೈರ್ಯ ಬರಲಿಲ್ಲ.

ಟೆಸ್ಟರನ್ನೂ ನಂಬುವ ಹಾಗಿಲ್ಲ. ಅದರ ಹಿಡಿಯೊಳಗೆ ನಿಯಾನ್ ತುಂಬಿದ ಪುಟ್ಟ ದೀಪವಿದೆ, ಜೊತೆಗೆ ಕರೆಂಟನ್ನು ತಡೆದು ತಡೆದು ಕೂದಲೆಳೆಯಷ್ಟು ಮಾತ್ರ ಬಿಡುವ ಒಂದು ರೆಸಿಸ್ಟರ್. ಆ ಎಳೆಯಷ್ಟು ಕರೆಂಟು ನಮ್ಮ ಮೈಯ ಮೂಲಕವೇ ಹಾದು ದೀಪ ಹೊತ್ತಿಸುತ್ತದೆ. ಹೊತ್ತಿದರೆ ಸರಿ, ಕರೆಂಟಿದೆ. ಹೊತ್ತದಿದ್ದರೆ? ತಂತಿಯಲ್ಲಿ ಕರೆಂಟಿಲ್ಲದಿರಬಹುದು. ಟೆಸ್ಟರೇ ಸತ್ತಿರಬಹುದು. ಎರಡರ ಕತ್ತಲೆಯೂ ಒಂದೇ ಥರ. ಅದಕ್ಕೇ ಕೆಲಸ ಬಲ್ಲವರು ಕರೆಂಟಿರುವುದು ಖಾತ್ರಿಯಿರುವ ಪ್ಲಗ್ಗಿಗೆ ಮೊದಲು ಟೆಸ್ಟರ್ ಇಟ್ಟು, ಅದು ಜೀವಂತವಾಗಿದೆಯೆಂದು ನೋಡಿಕೊಂಡು, ಆಮೇಲೆ ಅನುಮಾನದ ತಂತಿಗೆ ಇಡುತ್ತಾರೆ. ನಾನೂ ಹಾಗೇ ಮಾಡಿದೆ. ಕೆಂಪಗೆ ಮಿನುಗಿತು. ಮೂರು ವಾರ ಮನೆಯ ನಿಶ್ಶಬ್ದವನ್ನು ಇಟ್ಟುಕೊಂಡು ಜನರನ್ನು ಅಳೆದೆನಲ್ಲ, ಆಗ ಈ ಬುದ್ಧಿ ಎಲ್ಲಿತ್ತೋ.

ಊಟದ ಮನೆಯ ಬಾಗಿಲ ಮೇಲಿರುವ ಬೆಲ್ಲಿನ ಮುಚ್ಚಳ ತೆಗೆದೆ. ಧೂಳು, ಒಗ್ಗರಣೆಯ ಹೊಗೆ ಕಟ್ಟಿದ ಜಿಡ್ಡು, ಕಡಲೆಕಾಳಿನ ಗಾತ್ರದ ಎರಡು ಬಿಳಿ ಚಿಪ್ಪು. ಹಲ್ಲಿಮರಿಗಳು ಯಾವಾಗಲೋ ಒಡೆದುಕೊಂಡು ಹೋಗಿದ್ದವು. ದಿನಕ್ಕೆ ನಾಲ್ಕು ಸಲವಾದರೂ ಬಡಿಯುವ ಗಂಟೆಯ ಪಕ್ಕ ಹಲ್ಲಿ ಯಾವ ಧೈರ್ಯದ ಮೇಲೆ ಮೊಟ್ಟೆಯಿಟ್ಟಿತು? ಇದು ಬಡಿಯುವುದಿಲ್ಲವೆಂದು ನನಗಿಂತ ಮೊದಲೇ ಅದಕ್ಕೆ ಗೊತ್ತಾಗಿತ್ತೋ ಏನೋ.

ಒಳಗಿನ ಸಾಮಗ್ರಿ ಬಹಳವೇನಿಲ್ಲ. ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ಅದರ ನಡುವೆ ಜಾರುವ ಬೆರಳುದ್ದದ ಕಬ್ಬಿಣದ ಕಡ್ಡಿ, ಕಡ್ಡಿಗೊಂದು ಸ್ಪ್ರಿಂಗು, ಎರಡು ಕಡೆಯೂ ಒಂದೊಂದು ಲೋಹದ ಪಟ್ಟಿ. ಗುಂಡಿ ಒತ್ತಿದಾಗ ಕಾಯಿಲ್ ಅಯಸ್ಕಾಂತವಾಗಿ ಕಡ್ಡಿಯನ್ನು ಸೆಳೆಯುತ್ತದೆ; ಅದು ಹೋಗಿ ಒಂದು ಪಟ್ಟಿಗೆ ಬಡಿಯುತ್ತದೆ, ಟಿಂಗ್. ಬೆರಳು ತೆಗೆದಾಗ ಅಯಸ್ಕಾಂತ ಅಳಿದು, ಸ್ಪ್ರಿಂಗು ಕಡ್ಡಿಯನ್ನು ಹಿಂದಕ್ಕೆ ನೂಕಿ ಇನ್ನೊಂದು ಪಟ್ಟಿಗೆ ಬಡಿಸುತ್ತದೆ, ಟಾಂಗ್. ಒತ್ತಿಯೇ ಹಿಡಿದರೆ ಟಿಂಗ್ ಆಗಿ, ಟಾಂಗ್ ಬಾರದೆ, ಕಾಯಿಲ್ ಗುಂಯ್ಯೆಂದು ಕಾಯುತ್ತಿರುತ್ತದೆ. ಬಹಳ ಹೊತ್ತು ಹಿಡಿದರೆ ಬಿಸಿಯೇರಿ ಸುಟ್ಟೂ ಹೋದೀತು. ಒಂದೇ ಬೆಲ್ಲಿನ ಈ ಎರಡು ಸದ್ದುಗಳಲ್ಲಿ ಒಂದು ಬೆರಳಿಟ್ಟಿದ್ದಕ್ಕೆ, ಇನ್ನೊಂದು ಬಿಟ್ಟಿದ್ದಕ್ಕೆ ಎಂಬುದು ಇಷ್ಟು ವರ್ಷ ಕೇಳಿಯೂ ನನಗೆ ತಿಳಿದಿರಲಿಲ್ಲ.

ಶಾಲೆಯಲ್ಲಿ ಓದಿದ ವಿದ್ಯುತ್ ಗಂಟೆ ಇದಲ್ಲ. ಅದು ಟ್ರಿಣ್ಣೆಂದು ಒಂದೇ ಸಮನೆ ಬಡಿದುಕೊಳ್ಳುವ ಜಾತಿ. ಸುತ್ತಿಗೆ ಮುಂದೆ ಹೋದ ಕೂಡಲೇ ತನ್ನ ಕರೆಂಟಿನ ದಾರಿಯನ್ನು ತಾನೇ ಕಡಿದುಕೊಂಡು, ಹಿಂದೆ ಬಿದ್ದು, ಮತ್ತೆ ಕೂಡಿಕೊಂಡು ಬಡಿಯುತ್ತದೆ. ಎರಡಕ್ಕೂ ಹಿರಿಯನೆಂದರೆ 1831ರಲ್ಲಿ ಅಮೆರಿಕದ ಆಲ್ಬನಿ ಎಂಬ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಜೋಸೆಫ್ ಹೆನ್ರಿ ಮಾಡಿ ತೋರಿಸಿದ ಗಂಟೆ. ಒಂದು ಮೈಲಿಗೂ ಉದ್ದದ ತಂತಿಯನ್ನು ಕೋಣೆಯ ಸುತ್ತ ಸುತ್ತಿ, ಒಂದು ತುದಿಯಲ್ಲಿ ಬ್ಯಾಟರಿ ಮುಟ್ಟಿಸಿದರೆ ಇನ್ನೊಂದು ತುದಿಯ ಅಯಸ್ಕಾಂತ ಹೊರಳಿ ಗಂಟೆಗೆ ಬಡಿಯುತ್ತಿತ್ತು. ಕೈ ಒಂದು ಕಡೆ, ಸದ್ದು ಮೈಲಿಯಾಚೆ. ಆತ ಅದಕ್ಕೆ ಪೇಟೆಂಟ್ ಪಡೆಯುವ ಗೋಜಿಗೆ ಹೋಗಲಿಲ್ಲ. ಮೇಷ್ಟರುಗಳು ಎಲ್ಲ ಕಡೆಯೂ ಹೀಗೇ ಎಂದು ಕಾಣುತ್ತದೆ.

ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ನೂಕಿದೆ. ಟಿಂಗ್. ಬಿಟ್ಟೆ. ಟಾಂಗ್. ಮೂರು ವಾರದ ಮೇಲೆ ಮನೆಯಲ್ಲಿ ಆ ಸದ್ದು ಕೇಳಿ, ಇವಳು ಅಭ್ಯಾಸಬಲದಿಂದ "ಬಂದೇ" ಎಂದಳು.

ಬೆಲ್ಲಿನ ಮೈಯಲ್ಲಿ ದೋಷವಿಲ್ಲ ಎಂದಾಯಿತು. ಇನ್ನು ಗುಂಡಿ, ಇಲ್ಲವೇ ಗೋಡೆಯೊಳಗಿನ ತಂತಿ. ಗುಂಡಿಯ ಸ್ಕ್ರೂ ಬಿಚ್ಚಿ ಹೊರಗೆಳೆದು, ಒಣ ಚಪ್ಪಲಿ ಮೆಟ್ಟಿಕೊಂಡು, ಎಂಸಿಬಿ ಏರಿಸಲು ಹೇಳಿ ಟೆಸ್ಟರ್ ಇಟ್ಟೆ. ಒಂದು ಸ್ಕ್ರೂವಿನಲ್ಲಿ ದೀಪ ಹೊತ್ತಿತು. ಕರೆಂಟು ಅಲ್ಲಿಯವರೆಗೆ ಬರುತ್ತಿದೆ. ಇನ್ನೊಂದರ ಮೇಲಿಟ್ಟು ಗುಂಡಿ ಒತ್ತಿದೆ. ಹೊತ್ತಲಿಲ್ಲ. ಬಂದ ಕರೆಂಟು ಬಾಗಿಲಲ್ಲೇ ನಿಂತಿತ್ತು, ಬಂದ ಜನರ ಹಾಗೆ.

ಮತ್ತೆ ಇಳಿಸಿ ಗುಂಡಿ ಬಿಡಿಸಿದೆ. ನಾಲ್ಕು ಸತ್ತ ಇರುವೆ. ಪಡುವಣ ಮಳೆಯ ಎರಚಲಿಗೆ ಹಸಿರು ಕಿಲುಬು. ಹಿತ್ತಾಳೆಯ ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟಬೇಕಾದ ಜಾಗದಲ್ಲಿ ಮಸಿ ಬಳಿದಂಥ ಕಪ್ಪು. ಈ ಕಪ್ಪು ಹುಟ್ಟುವ ಬಗೆ ಹೀಗಂತೆ: ಬೆರಳು ತೆಗೆದ ಕ್ಷಣ ಪಟ್ಟಿಗಳು ಅಗಲುತ್ತವೆ, ಆದರೆ ಕಾಯಿಲ್‌ನಲ್ಲಿ ಹರಿಯುತ್ತಿದ್ದ ಕರೆಂಟು ಒಮ್ಮೆಗೇ ನಿಲ್ಲಲು ಒಪ್ಪದೆ, ಆ ಕೂದಲೆಳೆಯ ಸಂದನ್ನು ಹಾರಿ ಸಣ್ಣದೊಂದು ಕಿಡಿಯಾಗುತ್ತದೆ. ಪ್ರತಿ ಕಿಡಿಗೂ ಲೋಹದ ಮೇಲೆ ಒಂದು ಚುಕ್ಕೆ. ಹದಿನೆಂಟು ವರ್ಷದಲ್ಲಿ ನಮ್ಮ ಮನೆಗೆ ಬಂದವರೆಲ್ಲ ಬಂದದ್ದಕ್ಕೆ ಗುರುತು ಬಿಟ್ಟಿರಲಿಲ್ಲ, ಬೆರಳು ತೆಗೆದದ್ದಕ್ಕೆ ಬಿಟ್ಟಿದ್ದರು. ಕೊನೆಗೆ ಎಲ್ಲರ ಚುಕ್ಕೆ ಸೇರಿ ಬಾಗಿಲು ಮುಚ್ಚಿತು. ಉಪ್ಪು ಕಾಗದದಿಂದ ತಿಕ್ಕುತ್ತ ಕೂತೆ. ಮಗನ ಸ್ನೇಹಿತರು, ಅರಿಶಿನ ಕುಂಕುಮಕ್ಕೆ ಬಂದವರು, ಅಪ್ಪ ತೀರಿಕೊಂಡಾಗ ರಾತ್ರಿಯೆಲ್ಲ ಬಂದ ಜನ, ಯಾರದು ಯಾವ ಚುಕ್ಕೆಯೋ. ಹಳದಿ ಹೊಳಪು ಹೊರಬಂತು.

ಅಜ್ಜಿಯ ಊರಲ್ಲಿ ಈ ಯೋಚನೆಗೆಲ್ಲ ಎಡೆಯಿರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಅಜ್ಜಿಯ ಹಟ್ಟಿಗೆ ಅದು ದಾರಿ ಹುಡುಕಿಕೊಂಡು ಬರುವಷ್ಟರಲ್ಲಿ ಅಜ್ಜಿಗೇ ವಯಸ್ಸಾಗಿತ್ತು. ಹಗಲು ಬಾಗಿಲು ಹಾಕುವ ಪದ್ಧತಿಯೇ ಅಲ್ಲಿರಲಿಲ್ಲ. ಹಾಕಿದ್ದರೆ ಏನೋ ಆಗಿದೆ ಎಂದು ಅರ್ಥ. ಬರುವವರು ತಮ್ಮ ಸದ್ದನ್ನು ತಾವೇ ತರುತ್ತಿದ್ದರು. ದಾಸಯ್ಯನಿಗೆ ಶಂಖ ಜಾಗಟೆ, ಕೋಲೆಬಸವನಿಗೆ ಕೊರಳ ಗಂಟೆ, ಬುಡುಬುಡಿಕೆಯವನಿಗೆ ಅವನ ಬುಡುಬುಡಿಕೆ. ಬಳೆಗಾರನಿಗೆ ಕೂಗು. ಶಾನುಭೋಗರು ಜಗಲಿ ಹತ್ತುವ ಮೊದಲು ಒಂದು ಕೆಮ್ಮು ಕೆಮ್ಮುತ್ತಿದ್ದರು, ಅಜ್ಜಿ ಒಳಗಿನಿಂದಲೇ ಸೆರಗು ಸರಿಮಾಡಿಕೊಂಡು ಮಣೆ ಹಾಕುತ್ತಿದ್ದಳು. ಆ ಕೆಮ್ಮಿಗೆ ಕಿಲುಬು ಹಿಡಿಯುತ್ತಿರಲಿಲ್ಲ. ನಾವು ಎಲ್ಲರ ಸದ್ದನ್ನೂ ಕಸಿದುಕೊಂಡು ಒಂದೇ ಗುಂಡಿಗೆ ಹಾಕಿದ್ದೇವೆ. ಅದರ ಮೇಲೆ ಗ್ರಿಲ್ಲು ಬೇರೆ. ಒಳಬಾಗಿಲನ್ನು ಬಡಿಯೋಣವೆಂದರೆ ಕೈ ನಿಲುಕುವುದಿಲ್ಲ.

ಎಲೆಕ್ಟ್ರಿಕಲ್ ಅಂಗಡಿಯವನಿಗೆ ಹಳೆಯ ಗುಂಡಿ ತೋರಿಸಿದೆ. ತಿರುವಿ ನೋಡಿ, "ತಿಕ್ಕಿದ್ರೆ ಸ್ವಲ್ಪ ದಿನ ಓಡತ್ತೆ ಸಾರ್, ಹೊಸದೇ ಹಾಕ್ಕೊಂಡುಬಿಡಿ" ಎಂದ. ಬಿಡಲಿಲ್ಲ, ಬೇರೆ ಬೆಲ್ಲುಗಳನ್ನೂ ಕೇಳಿಸಿದ. ಒಂದು ಹಕ್ಕಿಯಂತೆ ಚಿಲಿಪಿಲಿಗುಟ್ಟಿತು. ನಮ್ಮ ಬೇಲಿಯಲ್ಲಿ ನಿಜದ ಹಕ್ಕಿಗಳೇ ಇವೆ, ಯಾವುದಕ್ಕೆಂದು ಏಳುವುದು? ಇನ್ನೊಂದರಲ್ಲಿ ಹೆಂಗಸೊಬ್ಬಳು ಬಾಗಿಲು ತೆರೆಯಿರೆಂದು ಹಿಂದಿಯಲ್ಲಿ ಬೇಡಿಕೊಂಡಳು. ತಂತಿಯೇ ಇಲ್ಲದ ಬೆಲ್ಲೂ ಇತ್ತು. ನಮ್ಮ ಎದುರುಮನೆಯ ಅಜ್ಜಿಯ ಮನೆಯಲ್ಲಿ ಆ ಜಾತಿಯದಿದೆ. ಅವರ ಪಕ್ಕದವರೂ ಅಂಥದ್ದೇ ತಂದು, ಇಬ್ಬರದೂ ಒಂದೇ ಸಂಕೇತಕ್ಕೆ ಕಿವಿಗೊಡುವುದರಿಂದ, ಇವರ ಮನೆಗೆ ಬಂದವರಿಗೆ ಅವರು ಬಾಗಿಲು ತೆಗೆಯುತ್ತಾರೆ. ಇದರಿಂದ ಎರಡೂ ಮನೆಯವರ ನಡುವೆ ಮಾತುಕತೆ ಹೆಚ್ಚಾಗಿದೆ ಎಂದು ಅಜ್ಜಿ ಹೇಳುತ್ತಾರೆ. ನಾನು ಗುಂಡಿಯೊಂದನ್ನೇ ಕೊಂಡು ಬಂದೆ.

ಹಾಕಿ ಮುಗಿಸಿದ ಸಂಜೆ ಅವನ ಮನೆಗೆ ಹೋದೆ. ಹರಿತ ಮಾಡಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನಮ್ಮ ಬೆಲ್ ಕೆಟ್ಟಿತ್ತು ಕಣಯ್ಯಾ" ಎಂದೆ. ಅವನಿಗೆ ಈಗ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು.

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. "ಗಂಡ ಹೆಂಡತಿ ಇಬ್ಬರೂ ಬಂದಿದ್ವಿ, ಪತ್ರಿಕೆ ಅಕ್ಷತೆ ಹಿಡ್ಕೊಂಡು. ನಿನ್ನ ಚಪ್ಪಲಿ ಹೊರಗಿತ್ತು. ಕಿಟಕೀಲಿ ಫ್ಯಾನು ತಿರುಗ್ತಿತ್ತು. ಮೂರು ಸಲ ಒತ್ತಿದೆ."

"ಸದ್ದು ಬರ್ತಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ನನಗೀಗ ಯಾವ ಸದ್ದು ತಾನೇ ಕೇಳಿಸತ್ತೆ? ನನ್ನ ಕಿವಿಯದೇ ದೋಷ ಅಂದ್ಕೊಂಡೆ. ಇವಳು ಕಾರಿನ ಹತ್ರಾನೇ ನಿಂತಿದ್ಲು."

"ಒಂದು ಫೋನಾದ್ರೂ ಮಾಡಬಾರದಿತ್ತಾ?"

"ಒಳಗಿದ್ದೂ ಬಾಗಿಲು ತೆಗೀದೇ ಇರೋನಿಗೆ ಏನಂತ ಫೋನು ಮಾಡ್ಲಿ?"

ಅವನ ಹೆಂಡತಿ ಕಾಫಿ ತಂದಿಟ್ಟರು. ಇಬ್ಬರೂ ಸುಮ್ಮನೆ ಕುಡಿದೆವು. ಪತ್ರಿಕೆ ಕೇಳಲಿಲ್ಲ ನಾನು, ಅವನೂ ಕೊಡಲಿಲ್ಲ. ಮನೆಗೆ ಬಂದವನ ಕೈಗೆ ಲಗ್ನಪತ್ರಿಕೆ ಇಟ್ಟು ಕಳಿಸುವುದು ಸರಿಯಲ್ಲವೆಂದು ಇಬ್ಬರಿಗೂ ಗೊತ್ತು. ಹೊರಡುವಾಗ ಗೇಟಿನವರೆಗೆ ಬಂದು "ಭಾನುವಾರ ಇರ್ತೀಯಾ?" ಎಂದ. ಇರ್ತೀನಿ ಎಂದೆ.

ಈಗ ಒಳಗೆ ಕೂತೇ ಬಂದವರು ಯಾರೆಂದು ಹೇಳಬಲ್ಲೆ. ಕೊರಿಯರ್ ಹುಡುಗರದು ಟಿಂಟಾಂಗ್, ನಡುವೆ ಉಸಿರಾಡಲೂ ಜಾಗವಿಲ್ಲ. ಪಾಪ, ಅವರಿಗೆ ಇನ್ನೂ ನೂರು ಮನೆ ಬಾಕಿ ಇರುತ್ತದೆ. ಪೇಪರ್ ಬಿಲ್ಲಿನವನದು ಸ್ವಲ್ಪ ಹಕ್ಕಿನ ಒತ್ತು. ಕೆಲಸದಾಕೆ ಒಮ್ಮೆ ಮುಟ್ಟಿ ಬಿಟ್ಟು, ಸುಮಾರು ಹೊತ್ತು ಕಾದು, ಇನ್ನೊಮ್ಮೆ ಮುಟ್ಟುತ್ತಾಳೆ. ಕಸಿದುಕೊಂಡ ಸದ್ದಿನೊಳಗೂ ಜನ ತಮ್ಮದೊಂದು ಕೆಮ್ಮನ್ನು ಇಟ್ಟುಕೊಂಡಿದ್ದಾರೆ, ಟಿಂಗ್‌ಗೂ ಟಾಂಗ್‌ಗೂ ನಡುವೆ.

ಭಾನುವಾರ ಬೆಳಗ್ಗೆ ಪೇಪರು ಬಿಡಿಸಿಕೊಂಡು ಕೂತಿದ್ದೆ. ಇವಳು ದೋಸೆ ಕಾವಲಿ ಇಟ್ಟಿದ್ದಳು. ಟಿಂಗ್ ಎಂದಿತು. ಆಮೇಲೆ ಬರೀ ಗುಂಯ್. ಬೆರಳು ತೆಗೆಯುವ ಲಕ್ಷಣವಿಲ್ಲ. ಬಾಗಿಲು ಅಲುಗುವುದು ಕಣ್ಣಿಗೆ ಕಾಣುವವರೆಗೆ ಅವನು ತೆಗೆಯುವವನೇ ಅಲ್ಲ.

ಅಡುಗೆಮನೆಯಿಂದ ಇವಳು ಕೂಗಿದಳು: "ಬೇಗ ಹೋಗೀಂದ್ರೆ, ಕಾಯಿಲ್ ಸುಟ್ಟುಹೋಗತ್ತೆ!"